ಉರಿ ಇದ್ದರೂ ಏರದ ಉಷ್ಣತೆ

ದ್ರವ್ಯದ ಸ್ಥಿತಿಗಳು ಯಾವುವು ಎಂದು ಪ್ರೌಢಶಾಲೆಯ ಮಕ್ಕಳನ್ನು ಕೇಳಿ ನೋಡಿ. ಘನ, ದ್ರವ, ಅನಿಲ ಎಂಬ ಉತ್ತರ ತಡವಿಲ್ಲದೆ ಬರುತ್ತದೆ. ಮಂಜುಗಡ್ಡೆ ಕರಗುವುದು ಸೊನ್ನೆ ಡಿಗ್ರಿಯಲ್ಲಿ, ನೀರು ಕುದಿಯುವುದು ನೂರರಲ್ಲಿ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಇದರಲ್ಲಿ ಮಗು ಕಣ್ಣಾರೆ ಕಂಡದ್ದೆಷ್ಟು? ಹೆಚ್ಚು ಖರ್ಚಿಲ್ಲದ ಸರಳ ಪ್ರಯೋಗವೊಂದು ಇದನ್ನು ಒರೆಗೆ ಹಚ್ಚುತ್ತದೆ.

ಒಂದು ಬೀಕರ್‌ನಲ್ಲಿ ಸುಮಾರು 100 ಗ್ರಾಂ ಪುಡಿ ಮಾಡಿದ ಮಂಜುಗಡ್ಡೆ ಹಾಕಿ, ಸ್ವಲ್ಪ ತಣ್ಣೀರು ಬೆರೆಸಿ. ಪ್ರಯೋಗಾಲಯದ ಥರ್ಮಾಮೀಟರನ್ನು ಅದರ ತುದಿ ಬೀಕರ್‌ನ ತಳ ಮುಟ್ಟದಂತೆ ಇಳಿಬಿಡಿ. (ಜ್ವರ ನೋಡುವ ಥರ್ಮಾಮೀಟರ್ ಬೇಡ, ಅದರ ಅಳತೆ ಸುಮಾರು 42 ಡಿಗ್ರಿಗೇ ಮುಗಿಯುತ್ತದೆ.) ಕೆಳಗೆ ಸ್ಪಿರಿಟ್ ದೀಪ ಹಚ್ಚಿ, ಗಾಜಿನ ಕಡ್ಡಿಯಿಂದ ಕಲಕುತ್ತಾ ನಿಮಿಷಕ್ಕೊಮ್ಮೆ ಉಷ್ಣತೆಯನ್ನು ಬರೆದುಕೊಳ್ಳಿ. ದೀಪದ ಬಳಿ ಶಿಕ್ಷಕರೋ ಹಿರಿಯರೋ ಇರಲೇಬೇಕು.

ಮೊದಲ ನಿಮಿಷ, ಸೊನ್ನೆ. ಎರಡನೆಯದು, ಸೊನ್ನೆ. ಐದಾದರೂ ಸೊನ್ನೆಯ ಆಸುಪಾಸಿನಲ್ಲೇ! ಕೆಳಗೆ ದೀಪ ಉರಿಯುತ್ತಿದೆ, ಮೇಲೆ ಉಷ್ಣತೆ ಏರುತ್ತಿಲ್ಲ. ಥರ್ಮಾಮೀಟರ್ ಕೆಟ್ಟಿದೆಯೇ ಎಂಬ ಅನುಮಾನ ಏಳುವುದು ಇಲ್ಲಿಯೇ. ಕಾಯಿಸಿದರೆ ಬಿಸಿಯಾಗಲೇಬೇಕಲ್ಲ ಎಂದುಕೊಂಡು 2, 4, 6 ಎಂದು ಅಂದಾಜಿನಲ್ಲಿ ತುಂಬಿಬಿಡುವ ಆಸೆ ಹುಟ್ಟುವುದೂ ಇಲ್ಲಿಯೇ. ತಾಳ್ಮೆಯಿಂದ ಕಾದವರಿಗೆ ಮಾತ್ರ ನಿಜ ಕಾಣುತ್ತದೆ: ಕೊನೆಯ ಚೂರು ಕರಗಿದ ನಂತರವೇ ಉಷ್ಣತೆ ಏರತೊಡಗುತ್ತದೆ.

ಹಾಗಾದರೆ ಅಷ್ಟು ಹೊತ್ತು ಕೊಟ್ಟ ಶಾಖ ಎಲ್ಲಿ ಹೋಯಿತು? ಇದೇ ಪ್ರಶ್ನೆಯನ್ನು 1760ರ ದಶಕದ ಆರಂಭದಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಶ್ವವಿದ್ಯಾಲಯದ ಜೋಸೆಫ್ ಬ್ಲ್ಯಾಕ್ ಹಾಕಿಕೊಂಡಿದ್ದರು. ಒಂದು ಪಾತ್ರೆಯಲ್ಲಿ ಮಂಜುಗಡ್ಡೆ, ಇನ್ನೊಂದರಲ್ಲಿ ಅಷ್ಟೇ ತೂಕದ, ಬಹುಪಾಲು ಅಷ್ಟೇ ತಣ್ಣಗಿನ ನೀರು. ಎರಡನ್ನೂ ಅವರು ಒಂದೇ ಕೋಣೆಯಲ್ಲಿಟ್ಟರು. ನೀರು 7 ಫ್ಯಾರನ್‌ಹೀಟ್ ಡಿಗ್ರಿ ಏರಲು ಅರ್ಧ ಗಂಟೆ ಸಾಕಾಯಿತು. ಮಂಜುಗಡ್ಡೆ ಕರಗಿ ಅದೇ ಉಷ್ಣತೆಗೆ ಬರಲು ಬೇಕಾದದ್ದು ಹತ್ತೂವರೆ ಗಂಟೆ! ಥರ್ಮಾಮೀಟರಿಗೆ ಕಾಣದೆ ಅಡಗಿದ ಈ ಶಾಖವೇ ಗುಪ್ತೋಷ್ಣ. ಮಂಜುಗಡ್ಡೆಯಲ್ಲಿ ಅಣುಗಳನ್ನು ಅಚ್ಚುಕಟ್ಟಾಗಿ ಹಿಡಿದಿಟ್ಟ ಬಂಧಗಳನ್ನು ಸಡಿಲಿಸಲು ಅದು ವೆಚ್ಚವಾಗುತ್ತದೆ. ಒಂದು ಗ್ರಾಂ ಮಂಜುಗಡ್ಡೆ ಕರಗಲು ಸುಮಾರು 80 ಕ್ಯಾಲೊರಿ ಬೇಕು. ಅಷ್ಟೇ ಶಾಖ ಒಂದು ಗ್ರಾಂ ನೀರನ್ನು ಸೊನ್ನೆಯಿಂದ 80 ಡಿಗ್ರಿಗೆ ಏರಿಸಬಲ್ಲುದು.

ಪ್ರಯೋಗ ಮುಂದುವರಿಸಿದರೆ ನೀರು ಕುದಿಯುವಾಗ ಉಷ್ಣತೆ ಮತ್ತೆ ನಿಲ್ಲುತ್ತದೆ. ಬೆಂಗಳೂರಿನ ಮಕ್ಕಳಿಗೆ ಇಲ್ಲೊಂದು ಅಚ್ಚರಿ ಕಾದಿದೆ. ಅದು ನಿಲ್ಲುವುದು ನೂರರಲ್ಲಿ ಅಲ್ಲ, ಸುಮಾರು 97ರಲ್ಲಿ! ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವುದರಿಂದ ಅಲ್ಲಿ ಗಾಳಿಯ ಒತ್ತಡ ಕಡಿಮೆ. ಕಡಲತಡಿಯ ಮಂಗಳೂರಿನಲ್ಲಾದರೆ ನೂರರ ಹತ್ತಿರ ಬಂದೀತು. ಬೆಂಗಳೂರಿನ ತರಗತಿಯಲ್ಲಿ 100 ಎಂದು ಬರೆದ ಹುಡುಗ ಪುಸ್ತಕ ನೋಡಿ ಬರೆದಿರಬಹುದು. 97 ಎಂದು ಬರೆದವನು ಥರ್ಮಾಮೀಟರ್ ನೋಡಿದ್ದಾನೆ.

ಅಡುಗೆಮನೆಗೂ ಇದರಲ್ಲಿ ಪಾಠವಿದೆ. ತೆರೆದ ಪಾತ್ರೆಯಲ್ಲಿ ಕುದಿ ಬಂದ ಮೇಲೆ ಉರಿ ಜೋರು ಮಾಡಿದರೆ ನೀರು ಬೇಗ ಆವಿಯಾದೀತೇ ಹೊರತು ಬೇಳೆ ಬೇಗ ಬೇಯದು. ಇನ್ನು ಕುದಿಯುವ ನೀರಿಗಿಂತ ಹಬೆಯ ಸುಟ್ಟಗಾಯ ಹೆಚ್ಚು ಅಪಾಯಕಾರಿ. ಒಂದು ಗ್ರಾಂ ಹಬೆ ನೀರಾಗುವಾಗ ಸುಮಾರು 540 ಕ್ಯಾಲೊರಿಗಳನ್ನು ಚರ್ಮಕ್ಕೆ ಸುರಿಯುತ್ತದೆ.

ತಂದೆತಾಯಂದಿರೇ, ಸಂಜೆ ಮಗು ಮನೆಗೆ ಬಂದಾಗ "ಉತ್ತರ ಸರಿಯಾಯಿತೇ?" ಎನ್ನುವ ಬದಲು "ನೀನು ಏನು ಕಂಡೆ?" ಎಂದು ಕೇಳಿ. ಕಂಡದ್ದನ್ನು ಕಂಡಂತೆ ಬರೆಯುವ ಧೈರ್ಯವೇ ವಿಜ್ಞಾನದ ಮೊದಲ ಪಾಠವಲ್ಲವೇ?