ಗೋರಿಕಲ್ಲಿಗೆ ಆಸಿಡ್ ಸ್ನಾನ ಬೇಡ ಸ್ವಾಮಿ!

ನವೆಂಬರ್ 2 ಸತ್ತವರನ್ನು ನೆನೆಯುವ ದಿನ. ಅದಕ್ಕೆ ಒಂದು ವಾರ ಮುಂಚೆ ಸಮಾಧಿ ತೊಳೆಯಲು ಹೊರಟವರ ಚೀಲ ಬಿಚ್ಚಿ ನೋಡಿ. ಸಾಮಾನ್ಯವಾಗಿ ಮೂರು ಸಾಮಾನು ಇರುತ್ತವೆ: ಒಂದು ಬಾಟ್ಲಿ ಆಸಿಡ್, ಒಂದು ತಂತಿ ಬ್ರಷ್, ಒಂದಿಷ್ಟು ಸಿಮೆಂಟು. ಅಪ್ಪ ಅಮ್ಮನ ಮೇಲಿನ ಪ್ರೀತಿಗೆ ತಂದದ್ದು ಅನ್ನುವುದರಲ್ಲಿ ಎರಡು ಮಾತಿಲ್ಲ. ಆದರೆ ಅಪ್ಪ ಅಮ್ಮನ ಹೆಸರು ಕಲ್ಲಿನ ಮೇಲಿಂದ ಅಳಿಸಿ ಹೋಗುವುದಕ್ಕೆ ಈ ಮೂರಕ್ಕಿಂತ ಒಳ್ಳೆ ಉಪಾಯ ಬೇರೆ ಇಲ್ಲ!

ಇದು ಒಂದು ಜಾತಿ, ಒಂದು ಮತದ ಮಾತಲ್ಲ. ಷಬ್-ಎ-ಬರಾತ್‌ಗೆ ಖಬರಸ್ತಾನದಲ್ಲಿ, ಪಿತೃಪಕ್ಷದಲ್ಲಿ ತೋಟದ ಮೂಲೆಯ ಸಮಾಧಿಯಲ್ಲಿ, ನವೆಂಬರ್‌ನಲ್ಲಿ ಚರ್ಚಿನ ಸ್ಮಶಾನದಲ್ಲಿ ಎಲ್ಲಾ ಕಡೆ ನಡೆಯೋದು ಇದೇ. ತಿಕ್ಕು, ಕೆರೆ, ಸುರಿ, ಮೆತ್ತು, ಪೇಂಟು ಹೊಡಿ. ಹಬ್ಬದ ದಿನ ಫಳಫಳ. ಹತ್ತು ವರ್ಷ ಕಳೆದ ಮೇಲೆ ಅಕ್ಷರವೇ ಇಲ್ಲ.

ನಮ್ಮೂರ ಕಲ್ಲಿಗೆ ನೀರೇ ಶತ್ರು

ಸಮಾಧಿ ಕಲ್ಲು ಯಾಕೆ ಹಾಳಾಗುತ್ತೆ? ಮಳೆ ಬಿಸಿಲು ಅಂತ ಎಲ್ಲರೂ ಹೇಳ್ತಾರೆ. ಅದು ಅರ್ಧ ಮಾತ್ರ ನಿಜ. ಕಾವೇರಿ ಬಯಲಿನ ನಮ್ಮ ಕಡೆ ಮಳೆಗಿಂತ ದೊಡ್ಡ ಕಾಟ ನೆಲದ ತೇವದ್ದು. ಒಂದು ಕಡೆ ಹೊಳೆ, ಇನ್ನೊಂದು ಕಡೆ ನಾಲೆ, ಮಧ್ಯೆ ಭತ್ತದ ಗದ್ದೆ. ನೆಲದೊಳಗಿನ ನೀರು ದೀಪದ ಬತ್ತಿಗೆ ಎಣ್ಣೆ ಏರಿದ ಹಾಗೆ ಇಟ್ಟಿಗೆಗೆ, ಕಲ್ಲಿಗೆ ಏರುತ್ತೆ. ಏರುವಾಗ ಉಪ್ಪಿನ ಅಂಶವನ್ನೂ ಹೊತ್ತುಕೊಂಡೇ ಏರುತ್ತೆ. ಬಿಸಿಲಿಗೆ ನೀರು ಆರಿ ಹೋಗುತ್ತೆ, ಉಪ್ಪು ಉಳಿಯುತ್ತೆ. ಆ ಉಪ್ಪು ಹರಳುಗಟ್ಟಿ ಉಬ್ಬಿದಾಗ ಕಲ್ಲಿನ ಮೇಲ್ಪದರ ಹಪ್ಪಳದ ಹಾಗೆ ಏಳುತ್ತೆ. ಹಳೇ ಮನೆ ಗೋಡೆಯ ಬುಡದಲ್ಲಿ ಬಿಳಿ ಪುಡಿ ಉದುರುವುದನ್ನು ನೋಡಿದ್ದೀರಲ್ಲ, ಅದೇ ಕಾಯಿಲೆ.

ಎರಡನೇದು ಪಾಚಿ ಮತ್ತು ಕಲ್ಲುಹೂವು. ನೆರಳು, ತೇವ ಇದ್ದಲ್ಲೆಲ್ಲ ಕಪ್ಪು, ಹಸಿರು, ಬೂದಿ ಬಣ್ಣದ ಮಚ್ಚೆ. ಮೂರನೇದು ಅರಳಿ, ಆಲ. ಹಕ್ಕಿ ಹಿಕ್ಕೆಯಲ್ಲಿ ಬಂದ ಬೀಜ ಗಾರೆಯ ಬಿರುಕಿನಲ್ಲಿ ಮೊಳೆಯುತ್ತೆ. ಇವತ್ತು ಎರಡೆಲೆ. ಐದು ವರ್ಷಕ್ಕೆ ಬೇರು ಇಟ್ಟಿಗೆಯನ್ನು ಇಬ್ಭಾಗ ಮಾಡಿರುತ್ತೆ. ನಾಲ್ಕನೇದು ಕಬ್ಬಿಣ. ಚಪ್ಪಡಿ ಜೋಡಿಸಲು ಹಾಕಿದ ಕಬ್ಬಿಣದ ಮೊಳೆ ತುಕ್ಕು ಹಿಡಿದು ಉಬ್ಬಿ, ಒಳಗಿನಿಂದಲೇ ಕಲ್ಲನ್ನು ಸೀಳುತ್ತೆ.

ಪಟ್ಟಣದ ಪಕ್ಕದಲ್ಲೇ ಒಂದು ಪಾಠ

ಹಳೇ ಬೆಂಗಳೂರು–ಮೈಸೂರು ರಸ್ತೆಯಲ್ಲಿ ದಿನಾ ಬಸ್ಸಲ್ಲಿ ಓಡಾಡುವ ಎಷ್ಟು ಜನಕ್ಕೆ ಗೊತ್ತು, ಶ್ರೀರಂಗಪಟ್ಟಣದಲ್ಲಿ ಕಾವೇರಿ ದಂಡೆಯ ಹತ್ತಿರ 300ಕ್ಕೂ ಹೆಚ್ಚು ಗೋರಿಗಳ ಗ್ಯಾರಿಸನ್ ಸ್ಮಶಾನ ಇದೆ ಅಂತ? 1799ರ ಮೇ 4ರಂದು ಟಿಪ್ಪು ಬಿದ್ದ ಮೇಲೆ ಇಲ್ಲಿ ಬೀಡುಬಿಟ್ಟ ಕಂಪನಿ ಸೈನ್ಯದವರು, ಅವರ ಹೆಂಡಿರು ಮಕ್ಕಳು ಇಲ್ಲಿ ಮಲಗಿದ್ದಾರೆ. ಅವರಲ್ಲಿ ಸ್ವಿಟ್ಜರ್ಲೆಂಡಿನ ಡಿ ಮ್ಯೂರಾನ್ ರೆಜಿಮೆಂಟಿನವರೂ ಇದ್ದಾರೆ. ಆ ಪಡೆ 1781ರಲ್ಲಿ ಡಚ್ಚರ ಕೆಲಸಕ್ಕೆ ಕಟ್ಟಿದ್ದು. 1795ರಲ್ಲಿ ಇಂಗ್ಲಿಷರ ಕಡೆ ಬಂತು, 1799ರ ಮುತ್ತಿಗೆಯಲ್ಲಿ ಕಾದಿತು.

ಗುಂಡಿಗೆ ಸತ್ತವರೊಬ್ಬರೇ ಅಲ್ಲ, ಜ್ವರಕ್ಕೆ ಸತ್ತವರೂ ಬಹಳ. ದ್ವೀಪದ ಹವಾ ಆಗಿಬರಲಿಲ್ಲ. 1809ರಲ್ಲಿ ಬೆಂಗಳೂರಿನಲ್ಲಿ ದಂಡು ನೆಲೆಯಾಗಲು ಅದೂ ಒಂದು ಕಾರಣ. ಹಿಂದೂಸ್ತಾನಕ್ಕೆ ಬಂದ ಬಿಳಿಯನ ಆಯುಷ್ಯ ಎರಡು ಮಳೆಗಾಲ ಅಂತ ಆಗ ಒಂದು ಗಾದೆಯೇ ಇತ್ತು. 1976ರಲ್ಲಿ ಥಿಯಾನ್ ವಿಲ್ಕಿನ್ಸನ್ ಅನ್ನುವವರು ಇಂಥ ಸ್ಮಶಾನಗಳ ಮೇಲೆ ಬರೆದ ಪುಸ್ತಕಕ್ಕೆ 'ಟೂ ಮಾನ್ಸೂನ್ಸ್' ಅಂತಲೇ ಹೆಸರಿಟ್ಟರು. ಅದೇ ವರ್ಷ ಈ ಸ್ಮಶಾನಗಳನ್ನು ನೋಡಿಕೊಳ್ಳಲು ಲಂಡನ್ನಿನಲ್ಲಿ ಒಂದು ಸಂಘವನ್ನೂ ಕಟ್ಟಿದರು.

ಮನುಷ್ಯ ಎರಡು ಮಳೆಗಾಲ ಬಾಳಿದ. ಕಲ್ಲು ಇನ್ನೂರಕ್ಕೂ ಹೆಚ್ಚು ಮಳೆಗಾಲ ಕಂಡಿತು. ಆದರೆ ಗಿಡಗಂಟಿ ಬೆಳೆದು, ಗಾರೆ ಉದುರಿ, ಇದೂ ಹಾಳುಬಿದ್ದಿತ್ತು. 2007ರ ಸುಮಾರಿಗೆ ಆ ಡಿ ಮ್ಯೂರಾನ್ ವಂಶದವರೇ ಅಲ್ಲಿಂದ ಬಂದು ದುರಸ್ತಿಗೆ ನಿಂತರು. ಏಳು ಸಮುದ್ರದಾಚೆ ಇದ್ದವರು ಇನ್ನೂರು ವರ್ಷದ ಹಿಂದಿನ ಅಜ್ಜನ ಪಡೆಯ ಗೋರಿ ಹುಡುಕಿಕೊಂಡು ಬಂದರು. ಬರಲು ದಾರಿ ತೋರಿಸಿದ್ದು ಏನು? ಕಲ್ಲಿನ ಮೇಲೆ ಉಳಿದ ಹೆಸರು. ಅದೊಂದು ಅಳಿಸಿಹೋಗಿದ್ದರೆ ಬರೀ ಇಟ್ಟಿಗೆ ಗುಡ್ಡೆ!

ಆಸಿಡ್ ಏನು ಮಾಡುತ್ತೆ?

ಅಡುಗೆಮನೆ ಕಡಪ ಕಲ್ಲಿನ ಮೇಲೆ ನಿಂಬೆರಸ ಬಿದ್ದರೆ ಮಬ್ಬು ಕಲೆ ಬೀಳುತ್ತಲ್ಲ, ಹೆಂಗಸರನ್ನು ಕೇಳಿ, ಹೇಳ್ತಾರೆ. ನಿಂಬೆರಸಕ್ಕೇ ಹಾಗಾದರೆ ಕಕ್ಕಸು ತೊಳೆಯುವ ಆಸಿಡ್ಡಿಗೆ ಏನಾಗಬೇಡ? ಅಮೃತಶಿಲೆ, ಕಡಪ ಎರಡೂ ಸುಣ್ಣದ ಜಾತಿಯ ಕಲ್ಲು. ಆಸಿಡ್ ಬಿದ್ದ ಕೂಡಲೇ ಬುಸ್ ಅಂತ ನೊರೆ ಬರುತ್ತೆ. ಕೊಳೆ ಹೋಗ್ತಾ ಇದೆ ಅಂತ ನಾವು ಖುಷಿಪಡ್ತೀವಿ. ಹೋಗ್ತಾ ಇರೋದು ಕೊಳೆಯಲ್ಲ, ಕಲ್ಲು! ನುಣುಪು ಹೋದ ಒರಟು ಮೈಗೆ ಮುಂದಿನ ಮಳೆಗಾಲ ಪಾಚಿ ಎರಡು ಪಟ್ಟು ಹಿಡಿಯುತ್ತೆ.

"ನಮ್ಮದು ಗ್ರಾನೈಟ್ ಕಣಣ್ಣ, ಏನೂ ಆಗಲ್ಲ" ಅನ್ನೋರಿದ್ದಾರೆ. ಗ್ರಾನೈಟ್ ನೊರೆ ಬಿಡಲ್ಲ, ನಿಜ. ಆದರೆ ಅದರೊಳಗಿನ ಕಬ್ಬಿಣದ ಅಂಶ ಹಳದಿ, ಕಂದು ಕಲೆಯಾಗಿ ಹೊರಗೆ ಬರಬಹುದು. ಸಂದಿನ ಗಾರೆಯಂತೂ ಕರಗಿ ಹೋಗುತ್ತೆ. ಬ್ಲೀಚಿಂಗ್ ಪೌಡರೂ ಬೇಡ, ಸೋಪಿನ ಪುಡಿಯೂ ಬೇಡ. ಎರಡೂ ಕಲ್ಲೊಳಗೆ ಉಪ್ಪು ಬಿಟ್ಟು ಹೋಗುತ್ತವೆ. ತಂತಿ ಬ್ರಷ್ಷು ಕಲ್ಲನ್ನು ಗೀರುವುದಲ್ಲದೆ ಕಬ್ಬಿಣದ ಚೂರು ಬಿಟ್ಟು ತುಕ್ಕಿನ ಕಲೆ ಮಾಡುತ್ತೆ. ಕಾರು ತೊಳೆಯುವ ಪೈಪಿನ ರಭಸದ ನೀರು ಸಡಿಲವಾದ ಅಕ್ಷರವನ್ನೇ ಕಿತ್ತು ಹಾಕುತ್ತೆ.

ಸಿಮೆಂಟಿನ ಬಿಗಿ ಹಿಡಿತ

ಹಳೇ ಗೋರಿಗಳು ಇಟ್ಟಿಗೆ ಮತ್ತು ಸುಣ್ಣದ ಗಾರೆಯವು. ಗಾರೆ ಉಸಿರಾಡುತ್ತೆ, ಒಳಗಿನ ತೇವವನ್ನು ಹೊರಗೆ ಬಿಡುತ್ತೆ. ಅದರ ಮೇಲೆ ಸಿಮೆಂಟು ಮೆತ್ತಿದರೆ ಮೂಗು ಬಾಯಿ ಮುಚ್ಚಿದ ಹಾಗೆ. ತೇವಕ್ಕೆ ಹೊರಗೆ ಬರಲು ದಾರಿ ಬೇಕಲ್ಲ? ಅದು ಇಟ್ಟಿಗೆಯ, ಕಲ್ಲಿನ ಮೂಲಕವೇ ಬರುತ್ತೆ, ಅದನ್ನೇ ತಿನ್ನುತ್ತೆ. ಸಿಮೆಂಟು ಗಟ್ಟಿಯಾಗಿ ನಿಂತಿರುತ್ತೆ, ಅದರ ಹಿಂದಿನ ಇಟ್ಟಿಗೆ ಪುಡಿಯಾಗಿರುತ್ತೆ. ಒಂದು ದಿನ ಸಿಮೆಂಟಿನ ಪದರ ಹಳೇ ಮೈಯನ್ನೂ ಕಿತ್ತುಕೊಂಡೇ ಬೀಳುತ್ತೆ.

ಸುಣ್ಣದ ಕೆಲಸ ನಿಧಾನ, ಒಪ್ಪೋಣ. ಸುಣ್ಣ ಅರಳಿಸಿ ವಾರಗಟ್ಟಲೆ ನೆನೆಹಾಕಬೇಕು. ಮರಳು, ಇಟ್ಟಿಗೆ ಪುಡಿ ಬೆರೆಸಿ ರುಬ್ಬಬೇಕು. ಹಿಂದಿನವರು ಬೆಲ್ಲದ ನೀರು, ಅಳಲೆಕಾಯಿ ರಸವನ್ನೂ ಬೆರೆಸುತ್ತಿದ್ದರು. ಮೆತ್ತಿದ ಮೇಲೆ ಒದ್ದೆ ಗೋಣಿಚೀಲ ಹೊದಿಸಿ ದಿನಗಟ್ಟಲೆ ಬಿಸಿಲಿಗೆ ಬಿಡದೆ ಕಾಯಬೇಕು. ಹಬ್ಬದ ಹಿಂದಿನ ದಿನ ಓಡಿಹೋಗಿ ಮಾಡುವ ಕೆಲಸ ಅಲ್ಲ ಇದು.

ಹಾಗಾದರೆ ಮಾಡೋದು ಹೇಗೆ?

ಖರ್ಚು ಕಡಿಮೆ, ತಾಳ್ಮೆ ಜಾಸ್ತಿ. ಇಷ್ಟು ನೆನಪಿಡಿ:

ಮೊದಲು ಮೊಬೈಲಲ್ಲಿ ಅಕ್ಷರದ ಫೋಟೊ ತೆಗೆಯಿರಿ. ಬೆಳಗಿನ ಓರೆ ಬಿಸಿಲಲ್ಲಿ ಸವೆದ ಅಕ್ಷರವೂ ಕಾಣುತ್ತೆ. ಬಿಸಿಲು ಇಲ್ಲದಿದ್ದರೆ ಟಾರ್ಚನ್ನು ಪಕ್ಕದಿಂದ ಹಿಡಿಯಿರಿ. ಓದಿದ್ದನ್ನು ಮನೆಯ ಪುಸ್ತಕದಲ್ಲಿ ಬರೆದಿಡಿ.

ಆಮೇಲೆ ಬೆರಳ ಗೆಣ್ಣಿನಿಂದ ಕಲ್ಲನ್ನು ಮೆಲ್ಲಗೆ ತಟ್ಟಿ. ಟಣ್ ಅಂದರೆ ಗಟ್ಟಿ. ಡಬ್ ಅಂದರೆ ಒಳಗೆ ಟೊಳ್ಳು. ಟೊಳ್ಳಾಗಿದ್ದರೆ, ಪದರ ಏಳುತ್ತಿದ್ದರೆ ಕೈ ಹಚ್ಚಬೇಡಿ, ತಿಳಿದವರನ್ನು ಕರೆಸಿ.

ಗಟ್ಟಿ ಇದ್ದರೆ ಚೆನ್ನಾಗಿ ನೀರು ಹಾಕಿ ನೆನೆಸಿ. ಮೆತ್ತನೆ ನೈಲಾನ್ ಬ್ರಷ್ಷಿನಿಂದ ಕೆಳಗಿನಿಂದ ಮೇಲಕ್ಕೆ ಉಜ್ಜುತ್ತಾ ಹೋಗಿ. ಮೇಲಿನಿಂದ ಶುರುಮಾಡಿದರೆ ಕೊಳೆನೀರು ಒಣಗಿದ ಕಲ್ಲಿನ ಮೇಲೆ ಇಳಿದು ಪಟ್ಟೆ ಬೀಳುತ್ತೆ. ಕಲ್ಲುಹೂವನ್ನು ಒಣಗಿದ್ದಾಗ ಕೀಳಬೇಡಿ, ನೆನೆಸಿ ಬಿದಿರಿನ ಚಕ್ಕೆಯಿಂದ ಎಬ್ಬಿಸಿ. ಕೊನೆಗೆ ಧಾರಾಳ ನೀರು. ಬರೀ ನೀರು.

ಪ್ರತಿ ವರ್ಷ ತಿಕ್ಕಲೇಬೇಕೆಂದಿಲ್ಲ. ಒಂದೊಂದು ಸಲ ಉಜ್ಜಿದಾಗಲೂ ಕಲ್ಲು ಒಂದಿಷ್ಟು ಸವೆಯುತ್ತೆ. ವರ್ಷ ವರ್ಷ ಬುಡದ ಹುಲ್ಲು ಕೀಳಿ, ನೀರು ನಿಲ್ಲದಂತೆ ಕಾಲುವೆ ತೋಡಿ, ಅಷ್ಟೇ ಸಾಕು.

ಅರಳಿ ಸಸಿಯನ್ನು ಎಳೆಯಬೇಡಿ, ಇಟ್ಟಿಗೆಯೂ ಜತೆಗೆ ಬರುತ್ತೆ. ಬುಡಕ್ಕೆ ಕತ್ತರಿಸಿ, ಮತ್ತೆ ಚಿಗುರಿದಾಗ ಮತ್ತೆ ಕತ್ತರಿಸಿ. ಮುರಿದ ಚಪ್ಪಡಿಯನ್ನು ಗೋಡೆಗೆ ಒರಗಿಸಬೇಡಿ, ಮರದ ಪಟ್ಟಿಯ ಮೇಲೆ ಮಲಗಿಸಿ. ಚೂರುಗಳನ್ನೆಲ್ಲ ಎತ್ತಿಡಿ. ಜೋಡಿಸುವಾಗ ಕಬ್ಬಿಣ ಬೇಡ, ಸ್ಟೇನ್‌ಲೆಸ್ ಸ್ಟೀಲ್ ಕಡ್ಡಿ ಹಾಕಿಸಿ. ಅಕ್ಷರಕ್ಕೆ ಎನಾಮೆಲ್ ಪೇಂಟು ತುಂಬಬೇಡಿ, ಪೇಂಟಿನವನು ತಪ್ಪಾಗಿ ಓದಿದ ಇಸವಿಯೇ ಮುಂದೆ ಶಾಶ್ವತವಾಗುತ್ತೆ.

ಇನ್ನೊಂದು ಮಾತು. ಸಂರಕ್ಷಿತ ಸ್ಮಾರಕ ಅಂತ ಬೋರ್ಡು ಇದ್ದ ಕಡೆ ನೀವಾಗಿ ಒಂದು ಬ್ರಷ್ಷೂ ಆಡಿಸುವಂತಿಲ್ಲ. 1958ರ ಕಾಯ್ದೆ ಇದೆ. ಇಲಾಖೆಗೆ ಅರ್ಜಿ ಕೊಡಿ. ಚರ್ಚಿನ, ಮಸೀದಿಯ ಜಾಗವಾದರೆ ಆಡಳಿತದವರನ್ನು ಕೇಳಿ.

ನಾಯಿಗೂ ಕಲ್ಲು ನಿಲ್ಲಿಸಿದ ನಾಡು

ಸತ್ತವರ ಕಲ್ಲು ನೋಡಿಕೊಳ್ಳೋದು ಬಿಳಿಯರ ಚಟ, ನಮಗ್ಯಾಕೆ ಅನ್ನುವವರಿಗೆ ಒಂದು ಮಾತು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ 949ರ ಸುಮಾರಿಗೆ ಒಂದು ಕಲ್ಲು ನಿಲ್ಲಿಸಿದರು. ಯಾರಿಗೆ? ಕಾಳಿ ಅನ್ನುವ ಬೇಟೆನಾಯಿಗೆ! ಕಾಡುಹಂದಿಯ ಜತೆ ಕಾದಾಡಿ ಎರಡೂ ಸತ್ತವು. ಆ ಕಲ್ಲಿಗೆ ಪೂಜೆ ತಪ್ಪಿಸಬಾರದು ಅಂತ ಶಾಸನದಲ್ಲೇ ಬರೆಸಿಟ್ಟರು. ಅಂದರೆ ಕಲ್ಲು ನಿಲ್ಲಿಸಿದವನು ನೋಡಿಕೊಳ್ಳುವ ಏರ್ಪಾಟನ್ನೂ ಅವತ್ತೇ ಮಾಡಿದ. ಆ ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಂನಲ್ಲಿದೆ. ಸಾವಿರ ವರ್ಷದ ಮೇಲೂ ನಾಯಿಯ ಹೆಸರು ಓದಲು ಬರುತ್ತೆ.

ಮೊನ್ನೆ ಮೊನ್ನೆ ಸತ್ತ ನಮ್ಮ ಅಜ್ಜಿಯ ಹೆಸರು? ಹುಟ್ಟಿ ಮೂರೇ ತಿಂಗಳಿಗೆ ಹೋದ ಮಗುವಿನ ಹೆಸರು? ಅನೇಕ ಮನೆಗಳಲ್ಲಿ ಅಂಥ ಮಗುವಿಗೆ ಒಂದು ಫೋಟೊ ಕೂಡ ಇಲ್ಲ. ರಿಜಿಸ್ಟರನ್ನು ಗೆದ್ದಲು ತಿಂದಿರುತ್ತೆ. ಆ ಜೀವ ಒಂದು ಕಾಲಕ್ಕೆ ಇತ್ತು ಅನ್ನೋದಕ್ಕೆ ಸಾಕ್ಷಿ ಆ ಒಂದಡಿ ಕಲ್ಲು ಮಾತ್ರ.

ಹಾರ್ಡ್‌ವೇರ್ ಅಂಗಡಿಯ ಅಣ್ಣಂದಿರಲ್ಲಿ ವಿನಂತಿ: "ಸಮಾಧಿ ತೊಳೆಯೋಕೆ ಆಸಿಡ್ ಕೊಡಿ" ಅಂತ ಬಂದವರಿಗೆ ಒಂದು ಮೆತ್ತನೆ ಬ್ರಷ್ ಕೊಟ್ಟು ಕಳಿಸಿ. ವ್ಯಾಪಾರಕ್ಕೆ ಲುಕ್ಸಾನಿಲ್ಲ. ಪುರಸಭೆ, ಪಂಚಾಯ್ತಿಯ ಮಹನೀಯರಲ್ಲಿ ಒಂದು ಪ್ರಶ್ನೆ: ಸ್ಮಶಾನಗಳಿಗೆ ಒಂದು ನಲ್ಲಿ, ನೀರು ಹರಿದುಹೋಗಲು ಒಂದು ಚರಂಡಿ, ವರ್ಷಕ್ಕೆರಡು ಸಲ ಗಿಡ ಕಡಿಯುವ ಒಬ್ಬ ಆಳು, ಇಷ್ಟು ಕೊಡಲಿಕ್ಕೆ ಆಗದೇ? ಕೇಳುವುದಕ್ಕೆ ಅಲ್ಲಿ ಮಲಗಿದವರು ಎದ್ದು ಬರುವುದಿಲ್ಲ. ಅವರ ಪರವಾಗಿ ಬದುಕಿರುವ ನಾವೇ ಕೇಳಬೇಕು.