ಹುಲ್ಲುಗಾವಲು ಬಂಜರಲ್ಲ: ಒಣ ಹವೆಗೆ ಹೊಂದಿಕೊಂಡ ಸಸ್ಯಗಳು ಮತ್ತು ಪ್ರಾಣಿಗಳು



ಮಾರ್ಚ್ ತಿಂಗಳಿನಲ್ಲಿ ನಿಮ್ಮ ಊರಿನ ಗೋಮಾಳವನ್ನು ಅಥವಾ ಕಾವಲನ್ನು ಗಮನಿಸಿ. ಹುಲ್ಲು ಒಣಗಿ ನೆಲಕ್ಕೆ ಒರಗಿರುತ್ತದೆ. ಅಲ್ಲೊಂದು ಇಲ್ಲೊಂದು ಜಾಲಿ, ಮುತ್ತುಗದ ಮರಗಳು ಮಾತ್ರ ನಿಂತಿರುತ್ತವೆ. ಇದನ್ನು ಕಂಡು ಬಂಜರು ಎಂದು ಭಾವಿಸಿ ಉಳುವುದು ಅಥವಾ ಗುಂಡಿ ತೋಡಿ ನೀಲಗಿರಿ ನೆಡುವುದು ಹಲವೆಡೆ ನಡೆದಿದೆ. ಆದರೆ ಒಂದೆರಡು ಹದಮಳೆ ಬಿದ್ದ ಕೆಲವೇ ದಿನಗಳಲ್ಲಿ ಅದೇ ನೆಲ ಹಸಿರಾಗುತ್ತದೆ. ಬೇಸಿಗೆಯಲ್ಲಿ ಆ ನೆಲದ ಜೀವ ಮಣ್ಣಿನೊಳಗೆ ಅಡಗಿರುತ್ತದೆ, ಅಷ್ಟೆ.

ಹುಲ್ಲೇ ಮುಖ್ಯವಾಗಿದ್ದು ಮರಗಳು ವಿರಳವಾಗಿರುವ, ಅಲ್ಪಕಾಲದ ಮಳೆ ಮತ್ತು ದೀರ್ಘ ಒಣ ಅವಧಿಯುಳ್ಳ ಪ್ರದೇಶವನ್ನು ಸವನ್ನಾ ಎನ್ನುತ್ತಾರೆ. ಇದು ಆಫ್ರಿಕಾದಲ್ಲಿ ಮಾತ್ರವಿಲ್ಲ. ಚಿತ್ರದುರ್ಗ, ತುಮಕೂರು, ಹಾವೇರಿ, ಬಳ್ಳಾರಿ ಜಿಲ್ಲೆಗಳ ಒಣ ಬಯಲುಗಳೂ ಇದೇ ಬಗೆಯವು. ರಾಜ್ಯದ ಮಧ್ಯ ಒಣ ವಲಯದಲ್ಲಿ ವರ್ಷಕ್ಕೆ ಸುಮಾರು 450ರಿಂದ 700 ಮಿ.ಮೀ. ಮಳೆಯಾಗುತ್ತದೆ, ಅದರ ಬಹುಪಾಲು ಜೂನ್‌ನಿಂದ ಅಕ್ಟೋಬರ್‌ವರೆಗೆ ಬೀಳುತ್ತದೆ.

ಹುಲ್ಲು

ಬಹುವಾರ್ಷಿಕ ಹುಲ್ಲುಗಳ ಬೆಳೆಯುವ ಮೊಗ್ಗು ಬುಡದಲ್ಲಿ, ಮಣ್ಣಿನ ಮಟ್ಟಕ್ಕೆ ಸಮೀಪದಲ್ಲಿರುತ್ತದೆ. ಆದ್ದರಿಂದ ಮೇಲ್ಭಾಗವನ್ನು ದನ ಮೇಯ್ದರೂ ಅವು ಮತ್ತೆ ಚಿಗುರುತ್ತವೆ. ಮಳೆಗಾಲದಲ್ಲಿ ತಯಾರಿಸಿದ ಆಹಾರದ ಒಂದು ಭಾಗವನ್ನು ಬೇರು ಮತ್ತು ಬುಡದಲ್ಲಿ ಕೂಡಿಟ್ಟು, ಮುಂದಿನ ಮುಂಗಾರಿನ ಮೊದಲ ಚಿಗುರಿಗೆ ಅದನ್ನೇ ಬಳಸುತ್ತವೆ. ಜೋಳ, ಸಜ್ಜೆಗಳಂತೆ ಈ ಹುಲ್ಲುಗಳೂ ತೀವ್ರ ಬಿಸಿಲಿನಲ್ಲಿ, ಕಡಿಮೆ ನೀರಿನಲ್ಲಿ ಆಹಾರ ತಯಾರಿಸಬಲ್ಲ ಗುಂಪಿಗೆ ಸೇರಿವೆ. ಬಟ್ಟೆಗೆ ಚುಚ್ಚಿಕೊಳ್ಳುವ ಹೆಟೆರೊಪೊಗಾನ್ ಹುಲ್ಲಿನ ಬೀಜಕ್ಕೆ ಉದ್ದನೆಯ ಬಾಲವಿರುತ್ತದೆ. ತೇವ ತಾಗಿದಾಗ ಆ ಬಾಲದ ತಿರುಚು ಬಿಚ್ಚಿಕೊಂಡು ತಿರುಗುತ್ತಾ ಬೀಜವನ್ನು ಮಣ್ಣಿನೊಳಗೆ ಇಳಿಸುತ್ತದೆ.

ಮರಗಳು

ಜಾಲಿಯ ಎಲೆಗಳು ಅತಿ ಸಣ್ಣವಾಗಿದ್ದು ಬಿಸಿಲಿಗೆ ಬೇಗ ಕಾಯುವುದಿಲ್ಲ; ಮುಳ್ಳುಗಳು ಮೇವಿನ ಪ್ರಾಣಿಗಳಿಂದ ರಕ್ಷಿಸುತ್ತವೆ. ಕಮರದ ಸಸಿಯು ಮೊದಲ ವರ್ಷಗಳಲ್ಲಿ ಎತ್ತರಕ್ಕಿಂತ ಹೆಚ್ಚಾಗಿ ತಾಯಿಬೇರನ್ನು ಆಳಕ್ಕೆ ಇಳಿಸುತ್ತದೆ. ಮುತ್ತುಗವು ಬೇಸಿಗೆಯಲ್ಲಿ ಎಲೆ ಉದುರಿಸಿ ನೀರನ್ನು ಉಳಿಸಿಕೊಳ್ಳುತ್ತದೆ.

ಪ್ರಾಣಿಗಳು

ಕೃಷ್ಣಮೃಗವು ದೃಷ್ಟಿ ಮತ್ತು ಓಟವನ್ನೇ ನಂಬಿ ಬದುಕುವುದರಿಂದ ಅದಕ್ಕೆ ತೆರೆದ ಬಯಲು ಬೇಕು. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯದಲ್ಲಿ ಹಿಂದೆ ನೀಲಗಿರಿ ನೆಡುತೋಪು ಬೆಳೆಸಿದಾಗ ಇಂಥ ಬಯಲು ಕಿರಿದಾಯಿತು. ಯಡಹಳ್ಳಿ ಮತ್ತು ಬುಕ್ಕಾಪಟ್ಟಣದ ಚಿಂಕಾರಗಳು ಎಲೆ ಮತ್ತು ಇಬ್ಬನಿಯಿಂದ ನೀರಿನಂಶ ಪಡೆದು ದೀರ್ಘಕಾಲ ನೀರು ಕುಡಿಯದೆ ಇರಬಲ್ಲವು. ಅಳಿವಿನಂಚಿನಲ್ಲಿರುವ ಎರೆಭೂತ ಹಕ್ಕಿಯು ಸಾಮಾನ್ಯವಾಗಿ ಒಂದೇ ಮೊಟ್ಟೆಯನ್ನು ಬರಿನೆಲದ ಮೇಲೆ ಇಡುತ್ತದೆ. ಗೆದ್ದಲುಗಳು ಒಣಹುಲ್ಲು, ಕಡ್ಡಿಗಳನ್ನು ತಿಂದು ಅವುಗಳಲ್ಲಿನ ಪೋಷಕಾಂಶವನ್ನು ಮಣ್ಣಿಗೆ ಮರಳಿಸುತ್ತವೆ.

ಕಾವಲುಗಳಲ್ಲಿಯೇ ರೂಪುಗೊಂಡ ಅಮೃತ ಮಹಲ್ ತಳಿ ಇದಕ್ಕೆ ಹೊರತಲ್ಲ. ಗಂಗೆದೊಗಲು ಮತ್ತು ಹೇರಳವಾದ ಬೆವರಿನ ಗ್ರಂಥಿಗಳು ದೇಹದ ಉಷ್ಣವನ್ನು ಹೊರಹಾಕಲು ನೆರವಾಗುತ್ತವೆ. ಕುರಿಗಾಹಿಗಳು ಮೇವು ಅರಸಿ ಮಂದೆಯೊಡನೆ ವಲಸೆ ಹೋಗುವುದೂ ಇದೇ ಹವೆಗೆ ಮನುಷ್ಯ ಕಂಡುಕೊಂಡ ಹೊಂದಾಣಿಕೆ.

ಅನುಸರಿಸಬೇಕಾದ ಕ್ರಮಗಳು

1. ಮೊದಲ ಮಳೆಯ ಚಿಗುರನ್ನು ಕೂಡಲೇ ಮೇಯಿಸಬಾರದು. ಆಗ ಬೇರಿನ ಸಂಗ್ರಹ ಖಾಲಿಯಾಗಿರುತ್ತದೆ. ಮತ್ತೆ ಮತ್ತೆ ಮೇಯ್ದರೆ ಬುಡವೇ ಸಾಯುತ್ತದೆ. ಹುಲ್ಲು ಸುಮಾರು ಒಂದು ಗೇಣು ಬೆಳೆಯುವವರೆಗೆ ಕಾಯಿರಿ.

2. ಮೇವಿನ ನೆಲವನ್ನು ಮೂರು ನಾಲ್ಕು ಭಾಗ ಮಾಡಿ ಸರದಿಯಂತೆ ಮೇಯಿಸಿ. ಪ್ರತಿವರ್ಷ ಬೇರೆ ಬೇರೆ ಭಾಗವನ್ನು ಬೀಜ ಉದುರುವವರೆಗೆ ಬಿಡಿ.

3. ಒಣಮೇವಿಗಾಗಿ ಹುಲ್ಲನ್ನು ಹೂ ಬಿಡುವ ಹಂತದಲ್ಲಿ, ಬುಡದಿಂದ ನಾಲ್ಕು ಬೆರಳು ಬಿಟ್ಟು ಕೊಯ್ಯಿರಿ. ಬೀಜ ಬಲಿತ ನಂತರ ಪೋಷಕಾಂಶ ಕುಗ್ಗುತ್ತದೆ. ಹೆಟೆರೊಪೊಗಾನ್‌ನ ಚೂಪು ಬೀಜಗಳು ಕುರಿಗಳ ಬಾಯಿ ಮತ್ತು ಚರ್ಮವನ್ನು ಗಾಯಗೊಳಿಸುತ್ತವೆ.

4. ಬಳ್ಳಾರಿ ಜಾಲಿಯ ಕಾಯಿಯನ್ನು ತಿಂದ ದನಗಳ ಸಗಣಿಯ ಮೂಲಕ ಅದರ ಬೀಜ ಹರಡುತ್ತದೆ. ಕಡಿದರೆ ಮತ್ತೆ ಚಿಗುರುವುದರಿಂದ, ಮಳೆಯ ನಂತರ ಮಣ್ಣು ಮೃದುವಾಗಿರುವಾಗ ಎಳೆಯ ಸಸಿಗಳನ್ನು ಬೇರುಸಹಿತ ಕೀಳಬೇಕು.

5. ಹುಲ್ಲಿನ ನೆಲದಲ್ಲಿ ದಟ್ಟವಾಗಿ ಮರ ಬೆಳೆಸಬೇಡಿ. ನೆರಳಿನಲ್ಲಿ ಈ ಹುಲ್ಲುಗಳು ಕ್ಷೀಣಿಸುತ್ತವೆ. ನೆರಳು ಬೇಕಾದೆಡೆ ಕಮರ, ಜಾಲಿಯಂಥ ಸ್ಥಳೀಯ ಮರಗಳನ್ನು ವಿರಳವಾಗಿ ಬೆಳೆಸಿ.

ವಿಸ್ತರಣಾ ಕಾರ್ಯಕರ್ತರು ಗೋಮಾಳದಲ್ಲಿ ಯಾವುದೇ ಕಾಮಗಾರಿ ಸೂಚಿಸುವ ಮೊದಲು ಮಳೆಗಾಲದಲ್ಲಿ ಒಮ್ಮೆ ಸ್ಥಳ ಪರಿಶೀಲಿಸುವುದು ಅವಶ್ಯ. ಒಮ್ಮೆ ಉತ್ತು ಬುಡ ಕಿತ್ತ ಬಹುವಾರ್ಷಿಕ ಹುಲ್ಲು ಮರಳಿ ನೆಲೆಯೂರಲು ಹಲವು ವರ್ಷಗಳು ಬೇಕು. ಅಷ್ಟರಲ್ಲಿ ಬರಗಾಲ ಬಂದರೆ ರೈತರು ಮೇವನ್ನು ಹಣ ಕೊಟ್ಟು ತರಬೇಕಾಗುತ್ತದೆ.