ಕಂಪಿಸುವ ಘನವೂ ಅದಕ್ಕೆ ತಾಗಿದ ನೀರೂ

ಜಲತರಂಗವನ್ನು ಕೇಳಿದವರೆಲ್ಲರೂ ಒಂದು ಸಂಗತಿಯನ್ನು ಬಲ್ಲರು. ಪಿಂಗಾಣಿ ಬಟ್ಟಲಿಗೆ ನೀರನ್ನು ಹೆಚ್ಚಿಸಿದಷ್ಟೂ ಅದರ ಅಂಚನ್ನು ತಟ್ಟಿದಾಗ ಹೊರಡುವ ಸ್ವರವು ಇಳಿಯುತ್ತ ಹೋಗುತ್ತದೆ. ನಲ್ಲಿಯ ಕೆಳಗೆ ಕೊಡ ತುಂಬುವಾಗ ಸ್ವರವು ಏರುವುದಲ್ಲವೇ ಎಂದು ವಿದ್ಯಾರ್ಥಿಯು ಕೇಳಬಹುದು. ಅಲ್ಲಿ ನುಡಿಯುವುದು ಕೊಡದೊಳಗಿನ ಗಾಳಿ. ನೀರು ಏರಿದಂತೆ ಗಾಳಿಯ ಕಂಬವು ಗಿಡ್ಡವಾಗುತ್ತದೆ. ಇಲ್ಲಿ ನುಡಿಯುವುದು ಬಟ್ಟಲಿನ ಗೋಡೆ. ಅದು ಕಂಪಿಸಬೇಕಾದರೆ ತನಗೆ ತಾಗಿದ ನೀರನ್ನೂ ಅಲುಗಿಸಬೇಕು. ಆದಕಾರಣ ಇದ್ದುದಕ್ಕಿಂತ ಭಾರವಾದ ವಸ್ತುವಿನಂತೆ ವರ್ತಿಸುತ್ತದೆ. ಈ ಅಧಿಕ ಭಾರವನ್ನು ‘ಕೂಡಿದ ದ್ರವ್ಯರಾಶಿ’ ಎಂದು ಕರೆಯೋಣ.

ಇದೇ ತತ್ತ್ವವು ಹುಕ್ಕೇರಿ ತಾಲೂಕಿನಲ್ಲಿ ಘಟಪ್ರಭೆಗೆ ಅಡ್ಡಲಾಗಿರುವ ಹಿಡಕಲ್ ಆಣೆಕಟ್ಟಿಗೂ ಅನ್ವಯಿಸುತ್ತದೆ. ಸುಮಾರು 51 ಟಿ.ಎಂ.ಸಿ. ನೀರನ್ನು ಹಿಡಿಯುವ ಈ ಜಲಾಶಯದಿಂದ ಹೊರಟ ಹೊಳೆಯು ಧೂಪದಾಳದ ಒಡ್ಡನ್ನು ದಾಟಿ, ಗೋಕಾಕದ ಜಲಪಾತದಲ್ಲಿ ಸುಮಾರು 52 ಮೀಟರ್ ಧುಮುಕಿ, ಗೋಕಾಕ ಪಟ್ಟಣವನ್ನೂ ಮೂಡಲಗಿ ತಾಲೂಕಿನ ತೀರದ ಹಳ್ಳಿಗಳನ್ನೂ ಹಾಯ್ದು ಹೋಗುತ್ತದೆ. ಆ ನದಿಯು ಉಕ್ಕಿದರೆ ಏನಾಗುವುದೆಂಬುದನ್ನು ಇಲ್ಲಿಯ ಜನರು 2019ರ ಆಗಸ್ಟಿನಲ್ಲಿ ಕಂಡಿದ್ದಾರೆ. ಆದುದರಿಂದ ನೀರನ್ನು ತಡೆದು ನಿಂತ ಗೋಡೆಯೂ ಉಕ್ಕಿನ ಗೇಟೂ ಅಲುಗಿದಾಗ ಹೇಗೆ ವರ್ತಿಸುವುವು ಎಂಬುದು ಕೇವಲ ಪುಸ್ತಕದ ಪ್ರಶ್ನೆಯಲ್ಲ. 1967ರ ಡಿಸೆಂಬರ್ 11ರಂದು ಸಾತಾರಾ ಜಿಲ್ಲೆಯಲ್ಲಿ ಸಂಭವಿಸಿದ ಭೂಕಂಪದಿಂದ 103 ಮೀಟರ್ ಎತ್ತರದ ಕೊಯ್ನಾ ಆಣೆಕಟ್ಟು ಬಿರುಕುಬಿಟ್ಟಿತು. ಅಂದು ಅಲ್ಲಿ ದೊರೆತ ಕಂಪನದ ದಾಖಲೆಯ ಮೇಲೆ ಪ್ರಪಂಚದ ಅನೇಕ ಸಂಶೋಧಕರು ಇಂದಿಗೂ ತಮ್ಮ ಲೆಕ್ಕಗಳನ್ನು ಒರೆಗೆ ಹಚ್ಚುತ್ತಾರೆ.

ಘನಕ್ಕೂ ದ್ರವಕ್ಕೂ ನಡುವಣ ಮೇರೆಯಲ್ಲಿ ಎರಡು ನಿಬಂಧನೆಗಳುಂಟು. ಮೊದಲನೆಯದು ಚಲನೆಯದು: ನೀರು ಗೋಡೆಯೊಳಗೆ ನುಗ್ಗಲಾರದು, ಅದನ್ನು ಬಿಟ್ಟು ಸರಿಯಲೂ ಆಗದು, ಆದಕಾರಣ ಮೇರೆಗೆ ಲಂಬವಾದ ದಿಕ್ಕಿನಲ್ಲಿ ಎರಡರ ವೇಗವೂ ಒಂದೇ. ಎರಡನೆಯದು ಬಲದ್ದು: ಗೋಡೆಯು ನೀರನ್ನು ಎಷ್ಟು ಒತ್ತುವುದೋ ನೀರೂ ಗೋಡೆಯನ್ನು ಅಷ್ಟೇ ಒತ್ತುತ್ತದೆ. ಇವುಗಳಲ್ಲಿ ಒಂದನ್ನು ಮಾತ್ರ ಪಾಲಿಸಿ ಇನ್ನೊಂದನ್ನು ಕೈಬಿಟ್ಟ ಲೆಕ್ಕವು ಜೋಡಣೆ ಎನಿಸದು.

ಅಮೆರಿಕೆಯ ಹೂವರ್ ಆಣೆಕಟ್ಟಿನ ಕಾಲದಲ್ಲಿ, 1933ರಲ್ಲಿ, ವೆಸ್ಟರ್‌ಗಾರ್ಡ್ ಎಂಬ ವಿದ್ವಾಂಸರು ಇದಕ್ಕೊಂದು ಸುಲಭ ಸೂತ್ರವನ್ನು ಕೊಟ್ಟರು. ನೀರಿನ ಒಟ್ಟು ಆಳವನ್ನೂ ವಿಚಾರಿಸುವ ಬಿಂದುವಿನ ಆಳವನ್ನೂ ಗುಣಿಸಿ ವರ್ಗಮೂಲವನ್ನು ತೆಗೆದು, ಅದರ ಎಂಟರಲ್ಲಿ ಏಳು ಪಾಲನ್ನು ನೀರಿನ ಸಾಂದ್ರತೆಯಿಂದ ಗುಣಿಸಿದರೆ, ಪ್ರತಿ ಚದರ ಮೀಟರಿನ ಕೂಡಿದ ದ್ರವ್ಯರಾಶಿಯು ದೊರೆಯುತ್ತದೆ. ಉದಾಹರಣೆಗೆ 50 ಮೀಟರ್ ಆಳದ ನೀರನ್ನು ಭಾವಿಸೋಣ. ಬುಡದಲ್ಲಿ ಅದು 43,750 ಕಿಲೋಗ್ರಾಂ. ಅಲ್ಲಿ ಗೋಡೆಯ ದಪ್ಪವು 40 ಮೀಟರ್ ಇದ್ದರೆ ಪ್ರತಿ ಚದರ ಮೀಟರಿನ ಹಿಂದೆ ಸುಮಾರು 96,000 ಕಿಲೋಗ್ರಾಂ ಕಟ್ಟಡವಿರುತ್ತದೆ. ನೀರಿನ ಪಾಲು ಅದರ ಅರ್ಧಕ್ಕಿಂತ ಕಡಿಮೆ. ಆದರೆ 10 ಮೀಟರ್ ನೀರನ್ನು ತಡೆದ ಗೇಟಿನ ಅಡಿಯಲ್ಲಿ ಇದೇ ಸೂತ್ರದಂತೆ ಕೂಡುವುದು 8,750 ಕಿಲೋಗ್ರಾಂ. 20 ಮಿಲಿಮೀಟರ್ ದಪ್ಪದ ಉಕ್ಕಿನ ತಗಡಿನ ಸ್ವಂತ ದ್ರವ್ಯರಾಶಿ ಕೇವಲ 157 ಕಿಲೋಗ್ರಾಂ. ತೊಲೆಗಳ ಭಾರವನ್ನು ಸೇರಿಸಿದರೂ ನೀರಿನದೇ ಮೇಲುಗೈ.

ಈ ಅಂತರವು ಗಣಕಯಂತ್ರದ ಲೆಕ್ಕದಲ್ಲಿ ಒಂದು ಅಪಾಯವನ್ನು ತರುತ್ತದೆ. ಸಾಮಾನ್ಯವಾಗಿ ಘನಕ್ಕೊಂದು, ದ್ರವಕ್ಕೊಂದು ಕ್ರಮವಿಧಿಯನ್ನಿಟ್ಟು, ಒಂದರ ಉತ್ತರವನ್ನು ಇನ್ನೊಂದಕ್ಕೆ ಸರದಿಯಂತೆ ಒಪ್ಪಿಸುತ್ತಾರೆ. ಘನದ ದ್ರವ್ಯರಾಶಿ 2, ಕೂಡಿದ್ದು 1, ಹೊರಗಣ ಬಲ 3 ಎಂದಿರಲಿ. ನಿಜವಾದ ವೇಗೋತ್ಕರ್ಷವು 1. ಸೊನ್ನೆಯಿಂದ ತೊಡಗಿದರೆ ಸರದಿಯ ಉತ್ತರಗಳು 1.5, 0.75, 1.125 ಎಂದು ಒಂದರ ಕಡೆಗೆ ಸಾಗುತ್ತವೆ. ಈಗ ಘನವು 1, ಕೂಡಿದ್ದು 3, ಬಲ 4 ಎಂದಿರಲಿ. ನಿಜವಾದ ಉತ್ತರವು ಈಗಲೂ 1. ಆದರೆ ಸರದಿಯಲ್ಲಿ ಬರುವುದು 4, −8, 28, −80. ಪ್ರತಿ ಹೆಜ್ಜೆಗೂ ತಪ್ಪು ಮೂರು ಪಟ್ಟಾಗುತ್ತದೆ. ಕಾಲದ ಹೆಜ್ಜೆಯನ್ನು ಎಷ್ಟು ಕಿರಿದು ಮಾಡಿದರೂ ಈ ದೋಷವು ನೀಗದು. ಅದರ ಬೇರು ಕಾಲದಲ್ಲಿಲ್ಲ, ದ್ರವ್ಯರಾಶಿಗಳ ಅನುಪಾತದಲ್ಲಿದೆ. ಒಂದೇ ಆಣೆಕಟ್ಟಿನ ಗೋಡೆಗೆ ಸಲ್ಲುವ ವಿಧಾನವು ಅದರ ಗೇಟಿಗೆ ಸಲ್ಲದಿರುವುದು ಹೀಗೆ.

ಪರಿಹಾರಗಳು ಎರಡು. ನೀರಿನ ಪಾಲನ್ನು ಘನದ ಪಾಲಿನೊಡನೆ ಮೊದಲೇ ಕೂಡಿಸಿ ಎರಡನ್ನೂ ಒಟ್ಟಿಗೆ ಬಿಡಿಸುವುದು ಒಂದು. ಹೊಸ ಉತ್ತರವನ್ನು ಪೂರ್ತಿಯಾಗಿ ಸ್ವೀಕರಿಸದೆ ಹಳೆಯದರೊಡನೆ ಬೆರೆಸುವುದು ಇನ್ನೊಂದು. ಮೇಲಣ ಉದಾಹರಣೆಯಲ್ಲಿ ಹಳೆಯದರ ಮುಕ್ಕಾಲು, ಹೊಸದರ ಕಾಲು ಪಾಲನ್ನು ಸೇರಿಸಿದರೆ ಮೊದಲ ಹೆಜ್ಜೆಯಲ್ಲಿಯೇ 1 ದೊರೆಯುತ್ತದೆ.

ವೆಸ್ಟರ್‌ಗಾರ್ಡರ ಸೂತ್ರಕ್ಕೂ ಮಿತಿಯುಂಟು. ಅದು ಬಾಗದ, ನೆಟ್ಟಗಿನ ಗೋಡೆಯನ್ನೂ ನಿಧಾನವಾದ ಕಂಪನವನ್ನೂ ಭಾವಿಸುತ್ತದೆ. 50 ಮೀಟರ್ ಆಳದ ನೀರಿಗೆ ಸೆಕೆಂಡಿಗೆ ಸುಮಾರು 7 ಆವೃತ್ತಿಗಳ ತನ್ನದೇ ಕಂಪನವಿದೆ. ಗೋಡೆಯು ಅದನ್ನು ಮೀರಿ ಅಲುಗಿದರೆ ನೀರು ಬರಿಯ ಭಾರವಾಗಿ ಉಳಿಯದೆ, ಶಕ್ತಿಯನ್ನು ಅಲೆಗಳ ರೂಪದಲ್ಲಿ ದೂರಕ್ಕೆ ಒಯ್ಯುತ್ತದೆ.

ಲೆಕ್ಕವು ಉಕ್ಕಿ ಹಾಳಾದರೆ ನಾವು ಎಚ್ಚರಗೊಳ್ಳುತ್ತೇವೆ. ನೀರನ್ನು ಮರೆತ ಲೆಕ್ಕವಾದರೋ ಸದ್ದಿಲ್ಲದೆ ತಪ್ಪು ಉತ್ತರವನ್ನು ಕೊಡುತ್ತದೆ. ಕೂಡಿದ ದ್ರವ್ಯರಾಶಿಯು ಗೇಟಿನದಕ್ಕೆ ಮೂರು ಪಟ್ಟಾದರೆ ಅದರ ಸಹಜ ಆವೃತ್ತಿಯು ಅರ್ಧಕ್ಕಿಳಿಯುತ್ತದೆ; ಒಣಗೇಟಿಗೆ ನಿರಪಾಯವೆಂದು ತೋರಿದ ಹರಿವು ನೀರು ಹೊತ್ತ ಗೇಟಿನ ಲಯಕ್ಕೆ ಹೊಂದಿಬಿಡಬಹುದು. ಕೊಯ್ನಾ ಭೂಕಂಪದ ವರ್ಷವೇ, ಜುಲೈ 2ರಂದು, ಜಪಾನಿನ ವಾಚಿ ಆಣೆಕಟ್ಟಿನ ಗೇಟೊಂದು ಕಿತ್ತುಹೋಯಿತು. ಹರಿವಿನಿಂದ ತಾನಾಗಿ ಬೆಳೆಯುವ ಕಂಪನವೇ ಅದಕ್ಕೆ ಕಾರಣವೆಂದು ಮುಂದಿನ ಅಧ್ಯಯನಗಳು ವಿವರಿಸಿದವು.

ಅಧ್ಯಾಪಕರು ಈ ಪಾಠವನ್ನು ಗಣಕಯಂತ್ರದಿಂದ ಆರಂಭಿಸಬೇಕಾಗಿಲ್ಲ. ಒಂದು ಬಟ್ಟಲು, ಒಂದು ಕಡ್ಡಿ, ಒಂದು ಚೆಂಬು ನೀರು ಸಾಕು. ಇಳಿಯುವ ಸ್ವರವನ್ನು ಕಿವಿಯಾರೆ ಕೇಳಿದ ವಿದ್ಯಾರ್ಥಿಯು ಮುಂದೆ ಗೇಟಿನ ಲೆಕ್ಕವನ್ನು ಮಾಡುವಾಗ ನೀರನ್ನು ಮರೆಯಲಾರನು.